ವಸಾಯಿಯ ಬಾವಿಯಿಂದ ತಲೋಜ ಜೈಲಿನವರೆಗೆ: ಅಧಿಕಾರಸ್ಥರನ್ನು ಪ್ರಶ್ನಿಸಿದ ಮುಂಬೈನ ಪಾದ್ರಿಗಳು, ಕಾನೂನು ಹೇಳುವುದೇನು?

ಮುಂಬೈ: 2021ರ ಮೇ 21. ಕೋವಿಡ್ ಎರಡನೇ ಅಲೆಯ ದಿನಗಳು. ಬಾಂಬೆ ಹೈಕೋರ್ಟ್‌ನಲ್ಲಿ ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆ ನಡೆಯುತ್ತಿತ್ತು. ಪರದೆಯ ಇನ್ನೊಂದು ಬದಿಯಲ್ಲಿದ್ದವರು ನವಿ ಮುಂಬೈನ ತಲೋಜ ಕೇಂದ್ರ ಕಾರಾಗೃಹದ ವಿಚಾರಣಾಧೀನ ಕೈದಿ, 84 ವರ್ಷದ ಜೆಸ್ವಿಟ್ ಧರ್ಮಗುರು ಫಾದರ್ ಸ್ಟ್ಯಾನ್ ಸ್ವಾಮಿ. ಜೆ.ಜೆ. ಆಸ್ಪತ್ರೆಗೆ ದಾಖಲಾಗುತ್ತೀರಾ ಎಂದು ನ್ಯಾಯಪೀಠ ಕೇಳಿತು. ಅವರು ಒಪ್ಪಲಿಲ್ಲ. ಎಂಟು ತಿಂಗಳ ಹಿಂದೆ ಇಲ್ಲಿಗೆ ಬಂದಾಗ ನಾನೇ ಊಟ ಮಾಡುತ್ತಿದ್ದೆ, ನಾನೇ ಸ್ನಾನ ಮಾಡುತ್ತಿದ್ದೆ, ನಡೆಯುತ್ತಿದ್ದೆ. ಈಗ ಒಂದೊಂದೇ ಆಗದಂತಾಗಿದೆ ಎಂದರು. ಆಸ್ಪತ್ರೆಗೆ ಹೋಗುವುದಕ್ಕಿಂತ ಜೈಲಿನಲ್ಲೇ ಸಾಯುತ್ತೇನೆ, ಸಾಧ್ಯವಿದ್ದರೆ ಮಧ್ಯಂತರ ಜಾಮೀನು ಕೊಟ್ಟು ನನ್ನವರ ಬಳಿ ಕಳುಹಿಸಿ ಎಂದು ಕೇಳಿಕೊಂಡರು.

ಅದಾಗಿ 45 ದಿನಕ್ಕೆ ಬಾಂದ್ರಾದ ಹೋಲಿ ಫ್ಯಾಮಿಲಿ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಜಾಮೀನು ಸಿಕ್ಕಿರಲಿಲ್ಲ.

ಸ್ಟ್ಯಾನ್ ಸ್ವಾಮಿ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ಆಳುವವರನ್ನು ಪ್ರಶ್ನಿಸಿ ಬೆಲೆ ತೆತ್ತ ಕ್ರೈಸ್ತ ಧರ್ಮಗುರುಗಳ ಕಥೆ ಮುಂಬೈ ಮತ್ತು ಅದರ ಉಪನಗರಗಳಲ್ಲಿ ಅವರಿಂದ ಶುರುವಾಗಿದ್ದಲ್ಲ, ಅವರೊಂದಿಗೆ ಮುಗಿಯುವುದೂ ಇಲ್ಲ. ಪಾದ್ರಿಗಳಿಗೆ ರಾಜಕೀಯ ಯಾಕೆ ಎಂಬ ಪ್ರಶ್ನೆ ಪ್ರತಿ ಸಲವೂ ಏಳುತ್ತದೆ. ಅವರು ನಿಜಕ್ಕೂ ಮಾತಾಡಿದ್ದು ಏನು? ಕಾನೂನಿನಲ್ಲಿ ಅದಕ್ಕೆ ಎಷ್ಟು ಜಾಗವಿದೆ? ಚರ್ಚ್ ಅವರ ಬೆನ್ನಿಗೆ ನಿಲ್ಲುತ್ತದೆಯೇ? ಇಲ್ಲಿದೆ ವಿವರ.

ಈ ಪರಂಪರೆ ಬಂದದ್ದು ಎಲ್ಲಿಂದ?

ಬೈಬಲ್‌ನಲ್ಲಿ ಎರಡು ಬಗೆಯ ಧಾರ್ಮಿಕ ವ್ಯಕ್ತಿಗಳು ಕಾಣುತ್ತಾರೆ. ಒಬ್ಬರು ಪೂಜಾವಿಧಿ ನಡೆಸುವ ಯಾಜಕರು. ಇನ್ನೊಬ್ಬರು ಪ್ರವಾದಿಗಳು, ಅಂದರೆ ರಾಜನ ಮುಂದೆ ನಿಂತು ತಪ್ಪು ಎಂದು ಹೇಳುವವರು. ದಾವೀದ ರಾಜ ತನ್ನ ಸೈನಿಕನೊಬ್ಬನ ಹೆಂಡತಿಯನ್ನು ಕಿತ್ತುಕೊಂಡು ಅವನ ಸಾವಿಗೂ ಕಾರಣನಾದಾಗ, ನಾತಾನ ಎಂಬ ಪ್ರವಾದಿ ಅರಮನೆಗೆ ಹೋಗಿ ಒಂದು ಕಥೆ ಹೇಳುತ್ತಾನೆ: ಮಂದೆಗಟ್ಟಲೆ ಕುರಿಗಳಿದ್ದ ಶ್ರೀಮಂತನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ. ಅಂಥವನಿಗೆ ಮರಣವೇ ಶಿಕ್ಷೆ ಎಂದು ರಾಜ ಗುಡುಗಿದಾಗ, ಆ ಮನುಷ್ಯ ನೀನೇ ಎನ್ನುತ್ತಾನೆ ನಾತಾನ. ಹೆರೋದನ ತಪ್ಪನ್ನು ಎತ್ತಿ ಆಡಿದ ಸ್ನಾನಿಕ ಯೋಹಾನನಿಗೆ ಸೆರೆಮನೆಯಾಗುತ್ತದೆ, ಕೊನೆಗೆ ತಲೆಯೂ ಹೋಗುತ್ತದೆ.

ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಬಿಜ್ಜಳನ ಆಸ್ಥಾನದಲ್ಲಿ ಭಂಡಾರಿಯಾಗಿದ್ದುಕೊಂಡೇ ಜಾತಿಯ ಕಟ್ಟಳೆ ಮುರಿದ ಬಸವಣ್ಣನನ್ನೂ, ಆನಂತರ ಕಲ್ಯಾಣದಲ್ಲಿ ಆದದ್ದನ್ನೂ ನಾವು ಶಾಲೆಯಲ್ಲೇ ಓದಿದ್ದೇವೆ.

ಆಧುನಿಕ ಕಾಲದಲ್ಲಿ ಇದಕ್ಕೆ ಸಾಂಸ್ಥಿಕ ಬಲ ಬಂದದ್ದು ಎರಡನೇ ವ್ಯಾಟಿಕನ್ ಮಹಾಸಭೆಯಿಂದ (1962–65). ಚರ್ಚ್ ಲೋಕದ ಕಷ್ಟಸುಖಕ್ಕೆ ಕಿವಿಗೊಡಬೇಕು ಎಂದು ಅದು ಹೇಳಿತು. 1974–75ರಲ್ಲಿ ಜೆಸ್ವಿಟ್ ಸಂಘದ 32ನೇ ಮಹಾಅಧಿವೇಶನ, ನ್ಯಾಯಕ್ಕಾಗಿ ದುಡಿಯುವುದು ನಂಬಿಕೆಯಿಂದ ಬೇರೆಯಲ್ಲ ಎಂದು ಘೋಷಿಸಿತು. ಸ್ಟ್ಯಾನ್ ಸ್ವಾಮಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾದದ್ದು ಅದೇ 1975ರಲ್ಲಿ.

ವಸಾಯಿ: ನೀರಿಗಾಗಿ ಬೀದಿಗಿಳಿದ ಫಾದರ್

ಮುಂಬೈನ ಪಶ್ಚಿಮ ರೈಲ್ವೆ ಮಾರ್ಗದಲ್ಲಿ ಭಾಯಂದರ್ ದಾಟಿ ಖಾರಿ ಸೇತುವೆ ಹಾದರೆ ಸಿಗುವುದು ವಸಾಯಿ. ಇಂದು ಉಡುಪಿ, ಮಂಗಳೂರು ಕಡೆಯ ಸಾಕಷ್ಟು ಕುಟುಂಬಗಳೂ ಈ ವಸಾಯಿ–ವಿರಾರ್ ಪಟ್ಟಿಯಲ್ಲಿ ನೆಲೆಸಿವೆ. ಪೋರ್ಚುಗೀಸರು 1534ರಿಂದ 1739ರವರೆಗೆ, ಚಿಮಾಜಿ ಅಪ್ಪಾ ಕೋಟೆ ಗೆಲ್ಲುವ ತನಕ, ಆಳಿದ ಊರು ಇದು. ಸಮುದ್ರದ ಬದಿಯ ಹಳ್ಳಿಗಳಲ್ಲಿ ಬಾಳೆ, ವೀಳ್ಯದೆಲೆ, ಹೂವು, ತರಕಾರಿ ಬೆಳೆಯುವ ಕ್ರೈಸ್ತ ಮತ್ತು ಹಿಂದೂ ರೈತರು ಅಕ್ಕಪಕ್ಕದಲ್ಲೇ ಬದುಕಿದವರು. ಅವರ ಕೃಷಿ ನಿಂತಿದ್ದು ಬಾವಿಗಳ ಸಿಹಿನೀರಿನ ಮೇಲೆ.

1980ರ ದಶಕದ ಕೊನೆಗೆ ಚಿತ್ರ ಬದಲಾಯಿತು. ಮುಂಬೈನಲ್ಲಿ ಮನೆ ಸಿಗದವರು ಉತ್ತರಕ್ಕೆ ಸರಿಯುತ್ತಿದ್ದರು. ವಸಾಯಿಯ ಹಸಿರು ವಲಯದ ಬಹುದೊಡ್ಡ ಭಾಗವನ್ನು ಕಟ್ಟಡ ನಿರ್ಮಾಣಕ್ಕೆ ತೆರೆದುಕೊಡಲು ಸರ್ಕಾರ ಮುಂದಾಯಿತು. ಬಿಲ್ಡರ್‌ಗಳು ಬಂದರು, ಅವರ ಹಿಂದೆ ಟ್ಯಾಂಕರ್‌ಗಳು ಬಂದವು. ಹಳ್ಳಿಯ ಬಾವಿಗಳಿಂದ ನೀರೆತ್ತಿ ಹೊಸ ಕಟ್ಟಡಗಳಿಗೆ ಸಾಗಿಸುವುದು ದೊಡ್ಡ ದಂಧೆಯೇ ಆಯಿತು. ಕರಾವಳಿಯಲ್ಲಿ ಅಂತರ್ಜಲವನ್ನು ಅತಿಯಾಗಿ ಎತ್ತಿದರೆ ಆ ಜಾಗಕ್ಕೆ ಸಮುದ್ರದ ಉಪ್ಪುನೀರು ನುಗ್ಗುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗುವುದು ಸುಲಭವಲ್ಲ. ಬಾಳೆ, ವೀಳ್ಯದೆಲೆ ತೋಟಕ್ಕೆ ಅದು ಮರಣದಂಡನೆ ಇದ್ದಂತೆ.

ಬಿಲ್ಡರ್, ಟ್ಯಾಂಕರ್ ಮತ್ತು ರಾಜಕಾರಣ ಒಂದಾಗಿದ್ದ ಆ ಕಾಲದಲ್ಲಿ ಇದರ ವಿರುದ್ಧ ದನಿ ಎತ್ತಿದವರು ವಸಾಯಿಯ ನಂದಾಖಾಲ್ ಗ್ರಾಮದಲ್ಲಿ ಹುಟ್ಟಿ, 1972ರಲ್ಲಿ ಗುರುದೀಕ್ಷೆ ಪಡೆದ ಫಾದರ್ ಫ್ರಾನ್ಸಿಸ್ ದಿಬ್ರಿಟೊ. 1983ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ 'ಸುವಾರ್ತಾ' ಎಂಬ ಮರಾಠಿ ಮಾಸಿಕದ ಸಂಪಾದಕರಾಗಿದ್ದವರು. ಸಂಗಾತಿಗಳೊಂದಿಗೆ ಅವರು 'ಹರಿತ್ ವಸಾಯಿ ಸಂರಕ್ಷಣ ಸಮಿತಿ' ಕಟ್ಟಿದರು.

ಇದು ಕ್ರೈಸ್ತರ ಹೋರಾಟವಾಗಿ ಉಳಿಯಲಿಲ್ಲ ಎಂಬುದನ್ನು ಗಮನಿಸಬೇಕು. ಬೇಡಿಕೆ ಇದ್ದದ್ದು ನೀರು, ನೆಲ ಮತ್ತು ಗೂಂಡಾಗಿರಿ ಇಲ್ಲದ ಊರು. ಇದಕ್ಕೆ ಧರ್ಮದ ಹಂಗಿಲ್ಲ. ಹಾಗಾಗಿ ಎಲ್ಲ ಸಮುದಾಯದವರೂ ಬಂದರು, ಮಹಿಳೆಯರು ದೊಡ್ಡ ಸಂಖ್ಯೆಯಲ್ಲಿ ಬಂದರು. ದಿಬ್ರಿಟೊ ಅವರಿಗೆ ಬೆದರಿಕೆಗಳು ಬಂದವು, ಪೊಲೀಸ್ ರಕ್ಷಣೆ ಕೊಡಬೇಕಾಯಿತು.

ಹೋರಾಟ ಗೆದ್ದಿತೇ? ಅರ್ಧ ಮಾತ್ರ. ಕಟ್ಟಡಗಳ ಅಲೆ ನಿಲ್ಲಲಿಲ್ಲ. 2009ರ ಜುಲೈ 3ರಂದು ನಾಲ್ಕು ಪುರಸಭೆಗಳು ಹಾಗೂ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ವಸಾಯಿ–ವಿರಾರ್ ಮಹಾನಗರಪಾಲಿಕೆ ರಚನೆಯಾಯಿತು. ತಮ್ಮ ಊರುಗಳನ್ನು ಸೇರಿಸಬೇಡಿ ಎಂದು ಹಳ್ಳಿಗರು ಮತ್ತೆ ಬೀದಿಗಿಳಿದರು. 29 ಗ್ರಾಮಗಳನ್ನು ಹೊರಗಿಡುವ ವಿವಾದ ವರ್ಷಗಟ್ಟಲೆ ಎಳೆಯಿತು. 2011ರ ಜನಗಣತಿಯಲ್ಲಿ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 12 ಲಕ್ಷ ದಾಟಿತ್ತು. 2018ರ ಜುಲೈ ಮಳೆಯಲ್ಲಿ ವಸಾಯಿ–ವಿರಾರ್ ಮುಳುಗಿ ರೈಲು ಸಂಚಾರವೇ ನಿಂತಾಗ, ನೀರು ಹರಿಯುವ ಜಾಗಗಳನ್ನೆಲ್ಲ ತುಂಬಿದ್ದರ ಪರಿಣಾಮದ ಬಗ್ಗೆ ಮತ್ತೆ ಚರ್ಚೆ ಎದ್ದಿತು. ಆದರೂ ಪಶ್ಚಿಮದ ಹಳ್ಳಿಗಳಲ್ಲಿ ಇಂದಿಗೂ ಅಷ್ಟಿಷ್ಟು ಹಸಿರು ಉಳಿದಿದ್ದರೆ ಅದರಲ್ಲಿ ಆ ಚಳವಳಿಯ ಪಾಲೂ ಇದೆ.

ಸಮ್ಮೇಳನದ ವೇದಿಕೆಯಲ್ಲೂ ಬಿಡಲಿಲ್ಲ

ದಿಬ್ರಿಟೊ ಬರಹಗಾರರೂ ಹೌದು. ಬೈಬಲ್ ಅನ್ನು ಇಂದಿನ ಆಡುಮಾತಿಗೆ ಹತ್ತಿರವಾದ ಮರಾಠಿಗೆ ತಂದ ಅವರ 'ಸುಬೋಧ್ ಬೈಬಲ್' ಕೃತಿಗೆ ಸಾಹಿತ್ಯ ಅಕಾಡೆಮಿಯ ಗೌರವವೂ ಸಂದಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಅವರನ್ನು 93ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಲಾಯಿತು. ನಮ್ಮ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಗೆ ಇರುವಷ್ಟೇ ತೂಕದ ಗೌರವ ಅದು. ಆ ಪೀಠಕ್ಕೆ ಕ್ರೈಸ್ತ ಧರ್ಮಗುರುವೊಬ್ಬರು ಆಯ್ಕೆಯಾದದ್ದು ಅದೇ ಮೊದಲು.

ಪಾದ್ರಿಯೊಬ್ಬರು ಹೇಗೆ ಅಧ್ಯಕ್ಷರಾಗುತ್ತಾರೆ ಎಂದು ಕೆಲವು ಸಂಘಟನೆಗಳು ವಿರೋಧಿಸಿದವು. ಸಮ್ಮೇಳನಕ್ಕೆ ಹೋಗಬೇಡಿ ಎಂದು ಉದ್ಘಾಟಕರಾಗಿದ್ದ ಕವಿ ನಾ.ಧೋ. ಮಹಾನೋರ್ ಅವರ ಮೇಲೂ ಒತ್ತಡ ಬಂತು. ಮಹಾನೋರ್ ಹೋದರು. 2020ರ ಜನವರಿ 10ರಂದು ಉಸ್ಮಾನಾಬಾದ್‌ನಲ್ಲಿ, ತೀವ್ರ ಬೆನ್ನುನೋವಿನ ನಡುವೆಯೂ ದಿಬ್ರಿಟೊ ವೇದಿಕೆ ಏರಿದರು. ದಿಲ್ಲಿಯ ಜೆಎನ್‌ಯು ಆವರಣದಲ್ಲಿ ವಿದ್ಯಾರ್ಥಿಗಳ ಮೇಲೆ ಹಲ್ಲೆ ನಡೆದು ಇನ್ನೂ ವಾರವಾಗಿರಲಿಲ್ಲ. ಆ ಹಲ್ಲೆ, ಗುಂಪು ಹಿಂಸೆ, ಅಭಿವ್ಯಕ್ತಿ ಸ್ವಾತಂತ್ರ್ಯ ಎಲ್ಲವನ್ನೂ ಪ್ರಸ್ತಾಪಿಸಿ, ಇಂಥ ಹೊತ್ತಿನಲ್ಲಿ ಬರಹಗಾರ ಸುಮ್ಮನಿರಬಾರದು ಎಂದರು. ಮರಾಠಿ ಶಾಲೆಗಳ ಸ್ಥಿತಿಯ ಬಗ್ಗೆ, ರೈತರ ಬಗ್ಗೆ ಮಾತಾಡಿ ವೇದಿಕೆ ಇಳಿಯಬಹುದಿತ್ತು. ಯಾರೂ ಆಕ್ಷೇಪಿಸುತ್ತಿರಲಿಲ್ಲ.

2024ರ ಜುಲೈ 25ರಂದು 81ನೇ ವಯಸ್ಸಿನಲ್ಲಿ ಅವರು ವಸಾಯಿಯಲ್ಲಿ ನಿಧನರಾದರು.

2014: ಪ್ರಿನ್ಸಿಪಾಲರ ಒಂದು ಸಂದೇಶ, ಆಯೋಗಕ್ಕೆ ದೂರು

ಎರಡನೇ ಪ್ರಕರಣ ನಡೆದದ್ದು ದಕ್ಷಿಣ ಮುಂಬೈನ ಸೇಂಟ್ ಕ್ಸೇವಿಯರ್ಸ್ ಕಾಲೇಜಿನಲ್ಲಿ. 2014ರ ಏಪ್ರಿಲ್ 24ರಂದು ಮುಂಬೈನಲ್ಲಿ ಲೋಕಸಭಾ ಚುನಾವಣೆಯ ಮತದಾನವಿತ್ತು. ಅದಕ್ಕೆ ಕೆಲವೇ ದಿನ ಮುಂಚೆ ಪ್ರಿನ್ಸಿಪಾಲ್ ಫಾದರ್ ಫ್ರೇಜರ್ ಮಸ್ಕರೇನಸ್ ವಿದ್ಯಾರ್ಥಿಗಳಿಗೆ ಒಂದು ಸಂದೇಶ ಬರೆದು ಕಾಲೇಜಿನ ವೆಬ್‌ಸೈಟ್‌ನಲ್ಲಿ ಹಾಕಿದರು. ಅವರು ಜೆಸ್ವಿಟ್ ಗುರು, ಸಮಾಜಶಾಸ್ತ್ರಜ್ಞ.

ಬೆಳವಣಿಗೆ ಎಂದರೆ ಬರೀ ದೊಡ್ಡ ಬಂಡವಾಳವೇ, ಅಥವಾ ಜನಸಾಮಾನ್ಯರ ಬದುಕಿನ ಮಟ್ಟವೇ ಎಂದು ಅದರಲ್ಲಿ ಕೇಳಿದ್ದರು. ಮಾನವ ಅಭಿವೃದ್ಧಿಯ ಅಳತೆಗೋಲಿನಲ್ಲಿ 'ಗುಜರಾತ್ ಮಾದರಿ' ಹೇಗೆ ಕಾಣುತ್ತದೆ ಎಂದು ಪ್ರಶ್ನಿಸಿದ್ದರು. ಉದ್ಯೋಗ ಖಾತ್ರಿ, ಆಹಾರ ಭದ್ರತೆಯಂಥ ಯೋಜನೆಗಳನ್ನು ಮೆಚ್ಚಿದ್ದರು. ಕಾರ್ಪೊರೇಟ್ ಬಂಡವಾಳ ಮತ್ತು ಕೋಮುವಾದಿ ಶಕ್ತಿಗಳು ಒಟ್ಟಾದರೆ ಜಾತ್ಯತೀತ ಪ್ರಜಾಪ್ರಭುತ್ವಕ್ಕೆ ಅಪಾಯ ಎಂದೂ ಬರೆದಿದ್ದರು.

ಬಿಜೆಪಿ ಇದನ್ನು ಚುನಾವಣಾ ಆಯೋಗದ ಗಮನಕ್ಕೆ ತಂದಿತು. ವಿದ್ಯಾರ್ಥಿಗಳ ಮೇಲೆ ಪ್ರಭಾವ ಬೀರುವ ಯತ್ನ ಇದು ಎಂಬುದು ಅದರ ದೂರು. ತಾನು ಯಾವ ಪಕ್ಷಕ್ಕೂ ಮತ ಹಾಕಿ ಎಂದು ಹೇಳಿಲ್ಲ, ಯುವಜನರು ವಿಚಾರ ಮಾಡಲಿ ಎಂದಷ್ಟೇ ಬರೆದೆ ಎಂಬುದು ಮಸ್ಕರೇನಸ್ ಅವರ ನಿಲುವು. ಕಾಲೇಜಿನ ಕೆಲವು ಹಳೆಯ ವಿದ್ಯಾರ್ಥಿಗಳೂ ಅವರನ್ನು ಟೀಕಿಸಿದರು, ಇನ್ನು ಕೆಲವರು ಬೆಂಬಲಿಸಿದರು. ಪ್ರಿನ್ಸಿಪಾಲ್ ಹುದ್ದೆಯಲ್ಲಿರುವವರು ಹೀಗೆ ಬರೆಯಬಹುದೇ ಎಂಬ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಅವರು ಬರೆದದ್ದು ಬೇನಾಮಿ ಕರಪತ್ರವಲ್ಲ, ಸ್ವಂತ ಹೆಸರು ಹಾಕಿ, ಎಲ್ಲರಿಗೂ ಕಾಣುವಂತೆ ಬರೆದ ಮಾತು.

ಏಳು ವರ್ಷದ ನಂತರ ಇದೇ ಮಸ್ಕರೇನಸ್ ಅವರು ಬಾಂದ್ರಾದ ಆಸ್ಪತ್ರೆಯಲ್ಲಿ ಇನ್ನೊಬ್ಬ ಜೆಸ್ವಿಟ್ ಗುರುವಿನ ಹಾಸಿಗೆ ಪಕ್ಕ ಕೂರಬೇಕಾಗಿ ಬಂತು.

ಸ್ಟ್ಯಾನ್ ಸ್ವಾಮಿ ಕೇಳಿದ ಪ್ರಶ್ನೆಗಳೇನು?

1937ರಲ್ಲಿ ತಮಿಳುನಾಡಿನ ತಿರುಚ್ಚಿ ಜಿಲ್ಲೆಯಲ್ಲಿ ಹುಟ್ಟಿದ ಸ್ಟ್ಯಾನ್ ಸ್ವಾಮಿ, 1986ರವರೆಗೆ ಬೆಂಗಳೂರಿನಲ್ಲಿದ್ದರು. ಆ ಬಳಿಕ ಅವರ ಕಾರ್ಯಕ್ಷೇತ್ರ ಇಂದಿನ ಜಾರ್ಖಂಡ್. ರಾಂಚಿ ಹೊರವಲಯದ ನಾಮ್‌ಕುಮ್‌ನಲ್ಲಿ 'ಬಗೈಚಾ' ಎಂಬ ಕೇಂದ್ರ ಕಟ್ಟಿದರು.

ಅವರ ಪ್ರಶ್ನೆಗಳು ಕ್ರಾಂತಿಕಾರಿಯಾಗಿ ಕೇಳಿಸುವುದೇ ಇಲ್ಲ. ಅವು ಕಾನೂನು ಪುಸ್ತಕದ ಪ್ರಶ್ನೆಗಳು:

• ಸಂವಿಧಾನದ ಐದನೇ ಅನುಸೂಚಿ ಬುಡಕಟ್ಟು ಪ್ರದೇಶಗಳಿಗೆ ಕೊಟ್ಟ ರಕ್ಷಣೆ ಜಾರಿಯಾಗಿದೆಯೇ?
• ಗ್ರಾಮಸಭೆಗೆ ಅಧಿಕಾರ ಕೊಡುವ 1996ರ ಪೇಸಾ ಕಾಯ್ದೆಯನ್ನು ಯಾಕೆ ಪಾಲಿಸುತ್ತಿಲ್ಲ?
• ಬುಡಕಟ್ಟು ಭೂಮಿಯಲ್ಲಿ ಗಣಿಗಾರಿಕೆ ಕುರಿತ 1997ರ ಸಮತಾ ತೀರ್ಪು ಎಲ್ಲಿ ಹೋಯಿತು?
• ನಕ್ಸಲ್ ಹಣೆಪಟ್ಟಿ ಹೊತ್ತು ಜೈಲಿನಲ್ಲಿರುವ ಆದಿವಾಸಿ ಯುವಕರ ವಿಚಾರಣೆ ಯಾಕೆ ಮುಗಿಯುತ್ತಿಲ್ಲ?

ಕೊನೆಯ ಪ್ರಶ್ನೆಗಾಗಿ ಅವರು ವಿಚಾರಣಾಧೀನ ಕೈದಿಗಳ ಬಗ್ಗೆ ಅಧ್ಯಯನ ಮಾಡಿಸಿದರು, ಜಾರ್ಖಂಡ್ ಹೈಕೋರ್ಟ್ ಮೆಟ್ಟಿಲನ್ನೂ ಏರಿದರು. ವಿಪರ್ಯಾಸವೆಂದರೆ, ಅವರೇ ವಿಚಾರಣಾಧೀನ ಕೈದಿಯಾಗಿ ತೀರಿಕೊಂಡರು.

2017ರ ಡಿಸೆಂಬರ್ 31ರಂದು ಪುಣೆಯಲ್ಲಿ ನಡೆದ ಎಲ್ಗಾರ್ ಪರಿಷತ್ ಮತ್ತು ಮರುದಿನದ ಭೀಮಾ ಕೋರೆಗಾಂವ್ ಹಿಂಸಾಚಾರಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಮಾವೋವಾದಿ ನಂಟಿನ ಆರೋಪದ ಮೇಲೆ ಎನ್‌ಐಎ ಅವರನ್ನು 2020ರ ಅಕ್ಟೋಬರ್ 8ರಂದು ಬಂಧಿಸಿತು. ತಾನು ಭೀಮಾ ಕೋರೆಗಾಂವ್‌ಗೆ ಹೋದವನೇ ಅಲ್ಲ ಎಂದು ಅವರು ಹೇಳಿದ್ದರು, ಆರೋಪಗಳನ್ನು ಕೊನೆಯವರೆಗೂ ನಿರಾಕರಿಸಿದರು. ಬಂಧನಕ್ಕೆ ಮುಂಚೆ ರೆಕಾರ್ಡ್ ಮಾಡಿದ ವಿಡಿಯೊದಲ್ಲಿ, ತಾನು ಮೂಕಪ್ರೇಕ್ಷಕನಲ್ಲ, ಅದಕ್ಕೆ ತೆರಬೇಕಾದ ಬೆಲೆಗೆ ಸಿದ್ಧ ಎಂಬ ಅರ್ಥದ ಮಾತಾಡಿದ್ದರು.

ಪಾರ್ಕಿನ್ಸನ್ ಕಾಯಿಲೆಯಿಂದ ಅವರ ಕೈ ನಡುಗುತ್ತಿತ್ತು, ಲೋಟ ಹಿಡಿಯಲು ಆಗುತ್ತಿರಲಿಲ್ಲ. ನೀರು ಕುಡಿಯಲು ಸ್ಟ್ರಾ ಮತ್ತು ಸಿಪ್ಪರ್ ಕೊಡಿ ಎಂದು 2020ರ ನವೆಂಬರ್‌ನಲ್ಲಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರಿಸಲು ಎನ್‌ಐಎ 20 ದಿನ ಕೇಳಿತು. ಆಮೇಲೆ, ಅವರ ಸಿಪ್ಪರ್ ತನ್ನ ಬಳಿ ಇಲ್ಲವೆಂದಿತು. ಜೈಲಿನಿಂದ ಬರೆದ ಪತ್ರದಲ್ಲಿ ಅವರು ದೂರುವುದಕ್ಕಿಂತ ಹೆಚ್ಚಾಗಿ ಉಪಕಾರ ನೆನೆದಿದ್ದರು: ಸಹಬಂಧಿ ಅರುಣ್ ಫೆರೇರಾ ತಿಂಡಿ–ಊಟಕ್ಕೆ, ವರ್ನನ್ ಗೊನ್ಸಾಲ್ವಿಸ್ ಸ್ನಾನಕ್ಕೆ ನೆರವಾಗುತ್ತಿದ್ದಾರೆ ಎಂದು.

ಜಾಮೀನು ಯಾಕೆ ಸಿಗಲಿಲ್ಲ?

ಯುಎಪಿಎ ಕಾಯ್ದೆಯ 43ಡಿ(5) ಕಲಂ ಪ್ರಕಾರ, ಆರೋಪ ಮೇಲ್ನೋಟಕ್ಕೆ ನಿಜವೆಂದು ನ್ಯಾಯಾಲಯಕ್ಕೆ ಅನಿಸಿದರೆ ಜಾಮೀನು ಕೊಡುವಂತಿಲ್ಲ. ಸಾಕ್ಷ್ಯದ ಪೂರ್ಣ ಪರೀಕ್ಷೆ ಆ ಹಂತದಲ್ಲಿ ನಡೆಯುವುದಿಲ್ಲ. 2021ರ ಮಾರ್ಚ್ 22ರಂದು ಮುಂಬೈನ ವಿಶೇಷ ಎನ್‌ಐಎ ನ್ಯಾಯಾಲಯ ಅವರ ಅರ್ಜಿಯನ್ನು ವಜಾ ಮಾಡಿತು. ಹೈಕೋರ್ಟ್ ಆದೇಶದ ಮೇರೆಗೆ ಮೇ 28ರಂದು ಹೋಲಿ ಫ್ಯಾಮಿಲಿ ಆಸ್ಪತ್ರೆಗೆ ಸೇರಿಸಲಾಯಿತು. ಅಲ್ಲಿ ಕೋವಿಡ್ ಪತ್ತೆಯಾಯಿತು. ಜುಲೈ 5ರಂದು ಜಾಮೀನು ಅರ್ಜಿ ವಿಚಾರಣೆಗೆ ಬಂದಾಗ ಹೈಕೋರ್ಟ್‌ಗೆ ಸಿಕ್ಕಿದ್ದು ಅವರ ಸಾವಿನ ಸುದ್ದಿ. ಮರುದಿನ ಬಾಂದ್ರಾದ ಸೇಂಟ್ ಪೀಟರ್ಸ್ ಚರ್ಚ್‌ನಲ್ಲಿ ಅಂತಿಮ ಪೂಜೆ ನಡೆಯಿತು.

ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿದೆ ಎಂದು ವಿದೇಶಾಂಗ ಸಚಿವಾಲಯ ಹೇಳಿಕೆ ನೀಡಿತು. ಅದೇ ತಿಂಗಳು ನ್ಯಾಯಮೂರ್ತಿ ಎಸ್.ಎಸ್. ಶಿಂದೆ ವಿಚಾರಣೆ ವೇಳೆ ಸ್ಟ್ಯಾನ್ ಸ್ವಾಮಿ ಅವರ ಸೇವೆಯನ್ನು ಮೆಚ್ಚಿ ಮಾತಾಡಿದರು. ಎನ್‌ಐಎ ಆಕ್ಷೇಪಿಸಿದ ಮೇಲೆ ಆ ಮೌಖಿಕ ಮಾತನ್ನು ಹಿಂಪಡೆದರು. ಮೃತರ ಹೆಸರಿಗೆ ಅಂಟಿದ ಕಳಂಕ ತೊಡೆಯಬೇಕು, ಸತ್ತ ಮೇಲೂ ಮನುಷ್ಯನಿಗೆ ಘನತೆಯ ಹಕ್ಕಿದೆ ಎಂದು 2021ರ ಡಿಸೆಂಬರ್‌ನಲ್ಲಿ ಹೈಕೋರ್ಟ್‌ಗೆ ಅರ್ಜಿ ಹಾಕಿದವರು ಫಾದರ್ ಮಸ್ಕರೇನಸ್.

ಚರ್ಚ್ ಬೆನ್ನಿಗೆ ನಿಲ್ಲುತ್ತದೆಯೇ?

ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. 2021ರ ಜನವರಿಯಲ್ಲಿ ಮುಂಬೈ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್ ಸೇರಿ ಮೂವರು ಕಾರ್ಡಿನಲ್‌ಗಳು ಪ್ರಧಾನಿ ನರೇಂದ್ರ ಮೋದಿ ಅವರನ್ನು ಭೇಟಿಯಾಗಿ ಸ್ಟ್ಯಾನ್ ಸ್ವಾಮಿ ವಿಷಯ ಪ್ರಸ್ತಾಪಿಸಿದರು. ಪ್ರಧಾನಿ ಸಹಾನುಭೂತಿ ತೋರಿದರೂ ತನಿಖಾ ಸಂಸ್ಥೆಯ ವಿಷಯದಲ್ಲಿ ಮಧ್ಯಪ್ರವೇಶ ಸಾಧ್ಯವಿಲ್ಲ ಎಂದರು ಎಂದು ಅವರು ನಂತರ ತಿಳಿಸಿದ್ದರು.

ಬಾಗಿಲು ಮುಚ್ಚಿ ಮಾತಾಡುವುದು ಒಂದು ದಾರಿ, ಬೀದಿಯಲ್ಲಿ ನಿಂತು ಮಾತಾಡುವುದು ಇನ್ನೊಂದು. ಬಿಷಪ್‌ಗಳ ಮೇಲೆ ಶಾಲೆ, ಆಸ್ಪತ್ರೆ, ಅನಾಥಾಲಯಗಳ ಹೊಣೆ ಇದೆ. ವಿದೇಶಿ ದೇಣಿಗೆ ಪರವಾನಗಿಯಿಂದ ಹಿಡಿದು ಜಮೀನಿನ ದಾಖಲೆಯವರೆಗೆ ಸರ್ಕಾರದ ಜತೆ ವ್ಯವಹಾರವಿದೆ. ಹಾಗಾಗಿ ಅವರ ಮಾತು ಅಳೆದು ತೂಗಿ ಬರುತ್ತದೆ. 2023ರ ಕ್ರಿಸ್‌ಮಸ್ ದಿನ ಪ್ರಧಾನಿ ನಿವಾಸದಲ್ಲಿ ನಡೆದ ಔತಣದಲ್ಲಿ ಕ್ರೈಸ್ತ ಮುಖಂಡರು ಪಾಲ್ಗೊಂಡಾಗ, ಮಣಿಪುರದ ಹಿಂಸೆಯ ವರ್ಷದಲ್ಲಿ ಇದು ಸರಿಯೇ ಎಂದು ಸಮುದಾಯದೊಳಗಿನಿಂದಲೇ ಟೀಕೆ ಬಂತು. ಮಾತುಕತೆಯ ಬಾಗಿಲು ಮುಚ್ಚಬಾರದು ಎಂಬುದು ಹೋದವರ ವಾದ.

ಇನ್ನೊಂದು ಟೀಕೆಯೂ ನ್ಯಾಯವಾದದ್ದೇ. ಸರ್ಕಾರವನ್ನು ಪ್ರಶ್ನಿಸುವವರು ಚರ್ಚ್ ಒಳಗಿನ ದೌರ್ಜನ್ಯದ ದೂರುಗಳು, ಆಸ್ತಿ ವಿವಾದಗಳು, ದಲಿತ ಕ್ರೈಸ್ತರ ಅಳಲಿನ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡುತ್ತಾರೆಯೇ ಎಂದು ಜನ ಕೇಳುತ್ತಾರೆ. ನಾತಾನನ ಕಥೆ ಅರಮನೆಗೆ ಮಾತ್ರವಲ್ಲ, ಬಿಷಪ್ ನಿವಾಸಕ್ಕೂ ಅನ್ವಯವಾಗಬೇಕು.

ಕಾನೂನು ಏನು ಹೇಳುತ್ತದೆ?

ಧರ್ಮಗುರು ಎಂಬ ಕಾರಣಕ್ಕೆ ಯಾರೂ ವಾಕ್ ಸ್ವಾತಂತ್ರ್ಯ ಕಳೆದುಕೊಳ್ಳುವುದಿಲ್ಲ. ಸಂವಿಧಾನದ 19(1)(ಎ) ವಿಧಿ ಅವರಿಗೂ ಇದೆ. ಆದರೆ ಮೂರು ಗೆರೆಗಳನ್ನು ದಾಟುವಂತಿಲ್ಲ:

• ಪ್ರಜಾಪ್ರತಿನಿಧಿ ಕಾಯ್ದೆ 1951ರ 123(3) ಕಲಂ: ಅಭ್ಯರ್ಥಿ, ಆತನ ಏಜೆಂಟ್ ಅಥವಾ ಅವರ ಒಪ್ಪಿಗೆಯಿಂದ ಬೇರೆಯವರು ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ.
• ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ 1988: ಪೂಜಾಸ್ಥಳವನ್ನು ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ಐದು ವರ್ಷದವರೆಗೆ ಜೈಲು, 10 ಸಾವಿರ ರೂ. ವರೆಗೆ ದಂಡ.
• ಮಾದರಿ ನೀತಿಸಂಹಿತೆ: ದೇವಸ್ಥಾನ, ಮಸೀದಿ, ಚರ್ಚ್‌ಗಳು ಚುನಾವಣಾ ಪ್ರಚಾರದ ವೇದಿಕೆ ಆಗುವಂತಿಲ್ಲ.

123(3) ಕಲಂ ಕುರಿತ ದೊಡ್ಡ ತೀರ್ಪು ಹುಟ್ಟಿದ್ದೂ ಮುಂಬೈನಲ್ಲೇ. 1990ರಲ್ಲಿ ಸಾಂತಾಕ್ರೂಜ್ ವಿಧಾನಸಭಾ ಕ್ಷೇತ್ರದಿಂದ ಗೆದ್ದ ಅಭಿರಾಮ್ ಸಿಂಗ್ ಅವರ ಆಯ್ಕೆಯನ್ನು ಪ್ರಶ್ನಿಸಿದ ಪ್ರಕರಣ ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠದ ತನಕ ಹೋಯಿತು. 2017ರ ಜನವರಿ 2ರಂದು 4–3ರ ಬಹುಮತದಲ್ಲಿ ತೀರ್ಪು ಬಂತು: ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಮತ ಕೇಳಿದರೂ ತಪ್ಪೇ. ಆದರೆ ಭಿನ್ನ ತೀರ್ಪು ಕೊಟ್ಟ ಮೂವರು, ಜನರ ನಿಜವಾದ ಸಂಕಟವನ್ನು ಚರ್ಚಿಸುವುದಕ್ಕೇ ಅಡ್ಡಿಯಾಗಬಾರದು ಎಂದು ಎಚ್ಚರಿಸಿದರು.

ಸರಳವಾಗಿ ಹೇಳುವುದಾದರೆ, ಇಂಥವರಿಗೆ ಮತ ಹಾಕಿ ಎಂದು ಪೂಜಾಪೀಠದಿಂದ ಹೇಳುವುದು ತಪ್ಪು. ಬಾವಿಯ ನೀರು ಯಾಕೆ ಉಪ್ಪಾಯಿತು ಎಂದು ತಹಶೀಲ್ದಾರ್ ಕಚೇರಿ ಮುಂದೆ ಕೇಳುವುದು ತಪ್ಪಲ್ಲ. ದಿಬ್ರಿಟೊ ಅವರ ಹೋರಾಟ ಈ ಗೆರೆಯ ಈಚೆಗಿತ್ತು. ಮಸ್ಕರೇನಸ್ ಅವರ ಸಂದೇಶ ಗೆರೆಯ ಹತ್ತಿರ ಬಂದಿತ್ತು, ಹಾಗಾಗಿಯೇ ವಿವಾದವಾಯಿತು.

ಕರ್ನಾಟಕದಲ್ಲಿ

ನಮ್ಮಲ್ಲೂ ಇದರ ಪ್ರತಿಧ್ವನಿ ಇದೆ. ಮತಾಂತರ ನಿಷೇಧ ಕಾಯ್ದೆ ಎಂದೇ ಹೆಸರಾದ ಮಸೂದೆಯನ್ನು 2021ರಲ್ಲಿ ಬೆಂಗಳೂರು ಆರ್ಚ್‌ಬಿಷಪ್ ಪೀಟರ್ ಮಚಾದೊ ಬಹಿರಂಗವಾಗಿ ವಿರೋಧಿಸಿದರು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಗೆ ಸಹಿ ಹಾಕಬೇಡಿ ಎಂದು ರಾಜ್ಯಪಾಲರಲ್ಲಿ ಮನವಿ ಮಾಡಿದರು, ಫಲಿಸಲಿಲ್ಲ. ಕ್ರೈಸ್ತರ ಮೇಲಿನ ದಾಳಿಗಳ ಕುರಿತು ಅವರು ಮತ್ತಿತರರು ಸುಪ್ರೀಂ ಕೋರ್ಟ್‌ಗೂ ಹೋದರು. ಆ ವರ್ಷದ ಸೆಪ್ಟೆಂಬರ್ 1ರಂದು ರಾಜ್ಯಗಳಿಂದ ವರದಿ ತರಿಸಿಕೊಳ್ಳುವಂತೆ ಗೃಹ ಸಚಿವಾಲಯಕ್ಕೆ ಕೋರ್ಟ್ ಸೂಚಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಕಾಯ್ದೆಯನ್ನು ರದ್ದುಪಡಿಸಲು ನಿರ್ಧರಿಸಿತು.

2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಸಂಸ್ಥೆ ಬೀರಿ ಆವರಣದ ಉದ್ಯಾನಕ್ಕೆ ಸ್ಟ್ಯಾನ್ ಸ್ವಾಮಿ ಹೆಸರಿಡಲು ಹೊರಟಾಗ ಹಿಂದೂ ಸಂಘಟನೆಗಳು ವಿರೋಧಿಸಿದವು. ಕಾರ್ಯಕ್ರಮ ಮುಂದಕ್ಕೆ ಹೋಯಿತು.

ಮಂಗಳೂರು–ಮುಂಬೈ ನಂಟಿನಲ್ಲಿ ಇನ್ನೊಂದು ಹೆಸರು ನೆನಪಾಗದೆ ಇರದು. ಪಾದ್ರಿಯಾಗಲು ಬೆಂಗಳೂರಿನ ಸೆಮಿನರಿ ಸೇರಿ, ಅಲ್ಲಿನ ನಡೆ–ನುಡಿಯ ಅಂತರಕ್ಕೆ ಬೇಸತ್ತು ಹೊರಬಂದು, ಮುಂಬೈನಲ್ಲಿ ಚೌಪಾಟಿಯ ಬೆಂಚಿನ ಮೇಲೆ ಮಲಗಿ ಕಾರ್ಮಿಕ ನಾಯಕನಾದ ಯುವಕ ಜಾರ್ಜ್ ಫರ್ನಾಂಡಿಸ್. 1967ರಲ್ಲಿ ಅವರು ದಕ್ಷಿಣ ಮುಂಬೈನಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಅವರು ಆರಿಸಿಕೊಂಡದ್ದು ಚುನಾವಣೆಯ ದಾರಿ. ದಿಬ್ರಿಟೊ, ಸ್ಟ್ಯಾನ್ ಸ್ವಾಮಿ ಅವರದು ಅಧಿಕಾರ ಕೇಳದೆ ಉತ್ತರ ಮಾತ್ರ ಕೇಳುವ ದಾರಿ.

ಜಗತ್ತಿನಲ್ಲಿ

ಸೈನಿಕರೇ, ನಿಮ್ಮದೇ ಜನರನ್ನು ಕೊಲ್ಲಬೇಡಿ ಎಂದು 1980ರ ಮಾರ್ಚ್ 23ರ ಪ್ರವಚನದಲ್ಲಿ ಬೇಡಿಕೊಂಡ ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು ಮರುದಿನವೇ ಪೂಜೆಯ ವೇಳೆ ಗುಂಡಿಕ್ಕಿ ಕೊಲ್ಲಲಾಯಿತು. 2018ರಲ್ಲಿ ಚರ್ಚ್ ಅವರನ್ನು ಸಂತ ಎಂದು ಘೋಷಿಸಿತು. ಬ್ಯಾಪ್ಟಿಸ್ಟ್ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ 1959ರ ಭಾರತ ಭೇಟಿಯಲ್ಲಿ ಮುಂಬೈನ ಮಣಿ ಭವನದಲ್ಲಿ, ಗಾಂಧೀಜಿ ಉಳಿದುಕೊಳ್ಳುತ್ತಿದ್ದ ಮನೆಯಲ್ಲೇ ತಂಗಿದ್ದರು. 2025ರ ಜನವರಿ 21ರಂದು ವಾಷಿಂಗ್ಟನ್‌ನ ಬಿಷಪ್ ಮರಿಯನ್ ಬಡ್ಡಿ ಅವರು ಎದುರೇ ಕುಳಿತಿದ್ದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರಿಗೆ ವಲಸಿಗರು ಮತ್ತು ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳ ಮೇಲೆ ದಯೆ ತೋರಿ ಎಂದು ಕೇಳಿದರು. ಟ್ರಂಪ್ ಕ್ಷಮೆಗೆ ಆಗ್ರಹಿಸಿದರು, ಬಿಷಪ್ ಒಪ್ಪಲಿಲ್ಲ.

ಹಾಗಾದರೆ ಇವರಲ್ಲಿ ಸಮಾನವಾದದ್ದೇನು?

ಮುಂಬೈನ ಮೂರು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಕಾಣುತ್ತದೆ. ಈ ಮೂವರ ಹೆಸರಾಗಿದ್ದು ಆವೇಶದ ಭಾಷಣಗಳಿಂದಲ್ಲ. ದಿಬ್ರಿಟೊ ಅವರಿಗೆ ತಮ್ಮೂರಿನ ಬಾವಿಗಳು ಗೊತ್ತಿದ್ದವು. ಸ್ಟ್ಯಾನ್ ಸ್ವಾಮಿ ಅವರಿಗೆ ಜಾರ್ಖಂಡ್ ಜೈಲುಗಳಲ್ಲಿದ್ದ ಯುವಕರ ಕಥೆಗಳು ಗೊತ್ತಿದ್ದವು. ಮಸ್ಕರೇನಸ್ ಅವರ ಕೈಯಲ್ಲಿ ಅಂಕಿಅಂಶಗಳಿದ್ದವು. ಗೊತ್ತಿದ್ದದ್ದನ್ನು ಸ್ವಂತ ಹೆಸರಿನಲ್ಲಿ ಹೇಳಿದರು, ಹೇಳಿದ ಮೇಲೆ ಅಲ್ಲೇ ನಿಂತರು.

ಅವರು ಹೇಳಿದ್ದೆಲ್ಲವನ್ನೂ ಒಪ್ಪಬೇಕಾಗಿಲ್ಲ. ಯಾವ ಮಠಾಧೀಶರು, ಮೌಲ್ವಿ, ಪಾದ್ರಿ ಮಾತಾಡಿದರೂ ಅವರು ಮತ ಕೇಳುತ್ತಿದ್ದಾರೋ, ಉತ್ತರ ಕೇಳುತ್ತಿದ್ದಾರೋ ಎಂದು ಮೊದಲು ನೋಡುವುದು ಒಳ್ಳೆಯದು. ಉತ್ತರ ಕೇಳುತ್ತಿದ್ದರೆ, ಕೇಳಿದವರು ಯಾವ ಧರ್ಮದವರು ಎಂಬುದಕ್ಕಿಂತ ಆ ಪ್ರಶ್ನೆ ಸರಿಯೇ ಎಂಬುದು ಮುಖ್ಯ. ವಸಾಯಿಯ ಬಾವಿಗಳ ಪ್ರಶ್ನೆಯೂ, ಜಾರ್ಖಂಡ್‌ನ ವಿಚಾರಣಾಧೀನ ಕೈದಿಗಳ ಪ್ರಶ್ನೆಯೂ ಅದನ್ನು ಕೇಳಿದವರ ಜತೆಗೆ ಮಣ್ಣಾಗಿಲ್ಲ.